ಮೂರು ಸಲ ಬಿಚ್ಚಿದ ಗೇರ್‌ಬಾಕ್ಸು

ಎರಡನೇ ಗೇರಿಗೆ ಹೋಗುವಾಗ ಮತ್ತೆ ಅದೇ ಸದ್ದು, ಕಬ್ಬಿಣ ಕಬ್ಬಿಣವನ್ನು ಕರಕರ ಕಚ್ಚುವ ಸದ್ದು. ಬಸ್ಸಿನ ಹಿಂಬದಿಯ ಏಣಿಗೆ ಜೋತುಬಿದ್ದಿದ್ದ ಚಲುವಯ್ಯನಿಗೆ ತನ್ನ ಹಲ್ಲನ್ನೇ ಯಾರೋ ಅರ ಹಾಕಿ ಉಜ್ಜಿದಂತಾಗಿ ಮೈ ಉರಿದುಹೋಯಿತು. ಉರಿಯಲು ಬೇರೆ ಕಾರಣವೂ ಇತ್ತೆನ್ನಿ. ಯುದ್ಧ ಬಂದು ಪೆಟ್ರೋಲಿಗೆ ರೇಷನ್ ಮಾಡಿದ ಮೇಲೆ ಬಸ್ಸುಗಳ ಬೆನ್ನಿಗೆಲ್ಲ ಇದ್ದಿಲಿನ ಒಲೆ ಕಟ್ಟಿದ್ದರು. ಆ ಒಲೆ ಅವನ ಎಡಭುಜದಿಂದ ಗೇಣು ದೂರದಲ್ಲಿ ಧಗಧಗ ಎನ್ನುತ್ತಿತ್ತು. ಡ್ರೈವರ್, ಈಗಿನವನು ವಾಜಿದ್, ಮುಂದೆ ಕೂತು ಗೇರು ಹಾಕುವುದು, ಮೆಕ್ಯಾನಿಕ್ ಚಲುವಯ್ಯ ಹಿಂದೆ ನೇತಾಡಿಕೊಂಡು ಇಪ್ಪತ್ತು ಅಡಿ ಆಚೆಯ ಗೇರ್‌ಬಾಕ್ಸು ಏನೆಂದು ನರಳುತ್ತಿದೆ ಎಂದು ಕಿವಿಗೊಡುವುದು. ಬೈಲಪ್ಪಗೌಡರ ಬಸ್ಸುಗಳ ರೋಗ ನೋಡುವ ಪದ್ಧತಿ ಹನ್ನೊಂದು ವರ್ಷದಿಂದ ಇದೇ. ಏಕೆಂದರೆ ಡ್ರೈವರ್ ಸೀಟಿನ ಎದುರಿಗೆ ಮುನೇಶ್ವರನ ಪಟವಿತ್ತು, ಪಟಕ್ಕೆ ದಿನಾ ಹೂವು ಏರುತ್ತಿತ್ತು. ಮುಟ್ಟಿಸಿಕೊಳ್ಳದ ಜಾತಿಯಲ್ಲಿ ಹುಟ್ಟಿ ಮರ್ಫಿ ಟೌನಿನಲ್ಲಿ ಮನೆ ಮಾಡಿಕೊಂಡಿದ್ದ ಚಲುವಯ್ಯ ಬಸ್ಸಿನ ಹೊಟ್ಟೆಯ ಕೆಳಗೆ ದಿನವಿಡೀ ಮಲಗಬಹುದಿತ್ತು, ಅದರ ಕರುಳಿಗೆ ಮೊಣಕೈವರೆಗೆ ಕೈ ಹಾಕಬಹುದಿತ್ತು, ಟಿಕೆಟ್ ತೆಗೆದುಕೊಂಡು ಕೊನೆಯ ಬೆಂಚಿನಲ್ಲಿ ಕೂರಲೂಬಹುದಿತ್ತು. ಡ್ರೈವರ್ ಸೀಟಿನ ಮೇಲೆ ಮಾತ್ರ ಕೂರುವ ಹಾಗಿರಲಿಲ್ಲ. ಅದೇ ಮುನೇಶ್ವರ ಚಲುವಯ್ಯನ ಅಜ್ಜಿಗೂ ಮನೆದೇವರು, ಬೇವಿನ ಮರದ ಬುಡದಲ್ಲಿ ಅವಳ ಕೈಯಿಂದಲೇ ಕೋಳಿ ತಿಂದವನು. ಪಟದೊಳಗೆ ಹೋದ ಮೇಲೆ ಅವನೂ ಗೌಡರ ಕಡೆಯವನಾಗಿದ್ದ.

ಹಲಸೂರು ಕೆರೆಯ ಏರಿಯ ಬಳಿ ವಾಜಿದ್ ಬಸ್ಸು ನಿಲ್ಲಿಸಿ ಇಳಿದು ಬಂದ. ಬ್ಲಾಕ್‌ಪಳ್ಳಿಯ ಹುಡುಗ, ಹುಡುಗ ಎಂದರೂ ಮೂವತ್ತು ದಾಟಿದವನು. ಕೆಲಸಕ್ಕೆ ಸೇರಿ ಒಂದೂವರೆ ತಿಂಗಳಾಗಿತ್ತು. ಕಾಲಿಗೆ ದಂಡಿನ ಗುಜರಿಯಲ್ಲಿ ಕೊಂಡ ದಪ್ಪ ಬೂಟು, ನಡೆದರೆ ನೆಲ ಕುಟ್ಟಿದ ಹಾಗೆ.

"ಏನ್ ಉಸ್ತಾದ್, ಕೇಳ್ತಾ?"

"ಕೇಳ್ದೆ ಏನು. ಕೆರೆಯಾಚೆ ಹೆಣಾನೂ ಎದ್ದು ಕೂತಿರುತ್ತೆ. ಕ್ಲಚ್ ಪೂರ್ತಿ ಒತ್ತೀಯಾ?"

"ಖುದಾ ಕಸಂ, ಪೂರಾ ಒತ್ತೀನಿ. ಇನ್ನ್ ಹೋಗಲ್ಲ ಅನ್ನೋವರ್ಗೂ ಒತ್ತೀನಿ. ಬೇಕಾದ್ರೆ ನೀವೇ ಕೂತು ನೋಡಿ," ಎಂದ ವಾಜಿದ್. ಅಂದವನು ತಕ್ಷಣ ನಾಲಗೆ ಕಚ್ಚಿಕೊಂಡು ಕೆರೆಯ ಕಡೆ ನೋಡಿದ. ಅವನು ನಾಲಗೆ ಕಚ್ಚಿಕೊಂಡದ್ದು ಚಲುವಯ್ಯನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಕರುಣೆ ತೋರಿಸುವವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಸುಲಭ. "ನಿನ್ ಬೂಟು ನೋಡು, ಎಮ್ಮೆ ಕಾಲಿನ ಹಾಗೆ. ಗೇರಿನ ಹಲ್ಲು ಉಳಿಯೋದಾದ್ರೂ ಹೇಗೆ?" ಎಂದು ಅವನನ್ನೇ ಬೈದ. ವಾಜಿದ್ ನಕ್ಕು ಬೀಡಿ ಹಚ್ಚಿದ.

ಮೂರು ಸಲ ಬಿಚ್ಚಿದ್ದ. ಮೂರು ಸಲ ಆ ಮಣಭಾರದ ಗೇರ್‌ಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಂಡು, ಒಂದೊಂದು ಚಕ್ರವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹಲ್ಲು ಹಲ್ಲಿಗೆ ಉಗುರು ಆಡಿಸಿ ನೋಡಿದ್ದ. ಹಲ್ಲು ಸವೆದಿರಲಿಲ್ಲ. ಗೇರನ್ನು ಸರಿಸುವ ಕವಲು ಬಾಗಿರಲಿಲ್ಲ. ಎಣ್ಣೆ ಹಾಳಾಗಿರಬೇಕೆಂದು ಎಣ್ಣೆ ಬದಲಾಯಿಸಿದ. ಮೊದಲನೇ ಸಲ ಜೋಡಿಸಿದಾಗ ಧೈರ್ಯವಾಗಿ ಆಯಿತು ಎಂದಿದ್ದ. ಹೊಸಕೋಟೆ ಮುಟ್ಟುವಷ್ಟರಲ್ಲಿ ಬಸ್ಸು ಮತ್ತೆ ಹಲ್ಲು ಕಡಿದಿತ್ತು. ಎರಡನೇ ಸಲ, ಆಗಬೇಕು ಎಂದ. ಮೂರನೇ ಸಲ ಬರೀ ಕೈ ಒರೆಸಿಕೊಂಡ. ಕೃಷ್ಣರಾಜಪುರದಿಂದ ಕಮರ್ಷಿಯಲ್ ಸ್ಟ್ರೀಟಿನವರೆಗೆ ಯಾವ ಲಾರಿ ಮಾಲೀಕನನ್ನು ಕೇಳಿದರೂ ಗೇರಿಗೆ ಚಲುವಯ್ಯ ಎನ್ನುತ್ತಿದ್ದರು. ಈಗ ಅದೇ ಹೆಸರಿಗೆ ಬೇರೊಂದು ಮಾತು ಅಂಟಿಕೊಂಡಿತ್ತು. ನಿನ್ನೆ ಬಸ್‌ಸ್ಟ್ಯಾಂಡಿನ ಚಹದಂಗಡಿಯ ಮುಂದೆ, ಇಪ್ಪತ್ತು ಜನರ ಎದುರಿಗೆ, ಬೈಲಪ್ಪ ಪಂಚೆ ಮೇಲೆತ್ತಿ ಕಟ್ಟಿಕೊಂಡು ಹೇಳಿದ್ದ: "ಮೂರ್ ಸಲ ಬಿಚ್ಚಿದ್ಯಲ್ಲೋ ಚಲುವಾ. ಬಿಚ್ಚಿದಾಗೆಲ್ಲ ಒಳ್ಳೇ ಚಕ್ರ ಆಚೆಗೆ, ಗುಜರಿ ಚಕ್ರ ಒಳಕ್ಕೆ. ಅಷ್ಟೂ ಗೊತ್ತಾಗಲ್ವಾ ನಂಗೆ? ಕಳ್ಳ ನನ್ಮಗ್ನೆ. ನಾಳೆ ನಾಲ್ಕೂವರೆ ಟ್ರಿಪ್ಪಿಗೆ ಗೇರು ಸದ್ದಿಲ್ದೆ ಬೀಳ್ಬೇಕು. ಇಲ್ದಿದ್ರೆ ಠಾಣೆ ಇಲ್ಲೇ ಐತೆ, ನಾಲ್ಕ್ ಹೆಜ್ಜೆ." ಯಾರೋ ನಕ್ಕರು. ಚಲುವಯ್ಯ ತಲೆ ತಗ್ಗಿಸಿ ಬಸ್ಸಿನ ಕಡೆ ನಡೆದ.

ಎದುರಾಡದೆ ನಡೆದದ್ದಕ್ಕೆ ಕಾರಣ ಅವನಿಗೆ ಗೊತ್ತಿತ್ತು, ಬೈಲಪ್ಪನಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಇದೇ ಬಸ್ಸಿನ ಗೇರ್‌ಬಾಕ್ಸಿಗೆ ಬೇಕಾದ, ಬುಷ್ ಎಂದು ಕರೆಯುವ ಹಿತ್ತಾಳೆಯ ಬಳೆ ಊರಲ್ಲೆಲ್ಲೂ ಸಿಗದೆ ಹೋದಾಗ, ಬೈಲಪ್ಪನೇ ಷೆಡ್ಡಿನ ಹಿಂದಕ್ಕೆ ಕರೆದು ದನಿ ತಗ್ಗಿಸಿ, "ದಂಡಿನ ಷೆಡ್ಡಿಗೆ ಆಗಾಗ ಕೂಲಿಗೆ ಹೋಗ್ತೀಯಲ್ಲಪ್ಪಾ, ಏನಾದ್ರೂ ನೋಡು," ಎಂದಿದ್ದ. ಅಪ್ಪಾ ಎಂದಿದ್ದ! ಆ ಒಂದು ಮಾತಿಗೆ ಮರುಳಾಗಿ ಚಲುವಯ್ಯ ಊಟದ ಡಬ್ಬಿಯಲ್ಲಿ, ಮುದ್ದೆಯ ಒಳಗೆ ಹೂತಿಟ್ಟು ಆ ಬಳೆಯನ್ನು ತಂದಿದ್ದ. ಗೇಟಿನಲ್ಲಿ ಕಾವಲಿನವನು ಡಬ್ಬಿ ತೆಗೆಸಿದಾಗ ಬೆವರಿಗೆ ಚಡ್ಡಿ ನೆನೆದುಹೋಗಿತ್ತು. ಜನ್ಮದಲ್ಲಿ ಕದ್ದದ್ದು ಅದೊಂದೇ. ಕದ್ದದ್ದು ಯಾರ ಬಸ್ಸಿಗೆ? ಇವತ್ತಿಗೂ ಅದು ಆ ಗೇರ್‌ಬಾಕ್ಸಿನಲ್ಲಿ ತಿರುಗುತ್ತಿದೆ. ಆ ಬಳೆಯನ್ನು ನುಂಗಿಕೊಂಡವನೇ ಈಗ ಕಳ್ಳ ಎನ್ನುತ್ತಾನೆ, ಅನ್ನಿಸಿಕೊಂಡವನಿಗೆ ತಲೆ ಎತ್ತಲು ಆಗುವುದಿಲ್ಲ. ಮಾತು ಬೀದಿ ನಲ್ಲಿಯವರೆಗೂ ಹರಿದು ಬಂದಿತ್ತು. ಬೆಳಿಗ್ಗೆ ಕೊಡ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡ ಹೆಂಡತಿ ಅಂಜಿನಮ್ಮ ಒಂದೇ ಒಂದು ಮಾತು ಕೇಳಿದ್ದಳು: "ನಿಜಾನಾ?" ಬೈಲಪ್ಪ ಹೇಳಿದ್ದನ್ನು ತಡೆದುಕೊಳ್ಳಬಹುದಿತ್ತು. ಇಪ್ಪತ್ತು ವರ್ಷ ಜೊತೆಗೆ ಬಾಳಿದವಳು ಕೇಳಿದ್ದನ್ನು ತಡೆದುಕೊಳ್ಳುವುದು ಹೇಗೆ? ಅವನು ಅನ್ನದ ತಟ್ಟೆ ತಳ್ಳಿ ಎದ್ದು ಬಂದಿದ್ದ. ಉತ್ತರ ಕೊಡದೆ ಬಂದದ್ದು ಅವಳಿಗೆ ಹೌದು ಎಂದೇ ಕೇಳಿಸಿರುತ್ತದೆ ಎಂದು ದಾರಿಯಲ್ಲಿ ಹೊಳೆದು, ತಿರುಗಿ ಹೋಗಲೂ ಆಗದೆ ನಿಂತಿದ್ದ.

ಕೆರೆಯ ಮೇಲೆ ದಂಡಿನವರ ಮೋಟಾರು ದೋಣಿಯೊಂದು ಡುಗುಡುಗು ಎಂದು ಸುತ್ತು ಹೊಡೆಯುತ್ತಿತ್ತು. ಅದರ ಸದ್ದು ಕೇಳಿದರೆ ಚಲುವಯ್ಯನಿಗೆ ಈಗಲೂ ಒಂದು ಬಗೆಯ ಹೆಮ್ಮೆ, ಹೆಮ್ಮೆಯ ಬೆನ್ನಿಗೇ ಒಂದು ಬಗೆಯ ವಾಕರಿಕೆ. ಹೋದ ಮಳೆಗಾಲದಲ್ಲಿ ಆ ದೋಣಿಯ ಗೇರು ಕೆಟ್ಟಿತ್ತು. ದೋಣಿಗೂ ಗೇರಿರುತ್ತದೆಂದು ಅವನು ಕಂಡದ್ದೇ ಅವತ್ತು: ಮುಂದಕ್ಕೊಂದು, ಹಿಂದಕ್ಕೊಂದು, ನಡುವೆ ಖಾಲಿ, ಅಷ್ಟೇ. ಹಿಂದಕ್ಕೆ ಬೀಳುತ್ತಿರಲಿಲ್ಲ. ದಡಕ್ಕೆ ಬಂದರೆ ನಿಲ್ಲಿಸಲಾಗದೆ ಕಲ್ಲಿಗೆ ಮೂಗು ಗುದ್ದಿಕೊಳ್ಳುತ್ತಿತ್ತು. ಬಿಳಿ ಸಾರ್ಜೆಂಟು ಎರಡು ದಿನ ಪೆಟ್ಟಿಗೆ ಬಿಚ್ಚಿ ಹಾಕಿ, ಸೋತು, ಇವನನ್ನು ಕರೆಸಿ ತನ್ನ ಜಾಗದಲ್ಲಿ ಕೂರಿಸಿದ. ಕೂರಿಸಿದ, ಅಷ್ಟೆ, ಅದಕ್ಕೇನೂ ಶಾಸ್ತ್ರವಿರಲಿಲ್ಲ. ಚಲುವಯ್ಯ ಸನ್ನೆ ಹಿಡಿದು ಮೂರು ಸಲ ಎಳೆದ. ತಡೆ ಆಳದಲ್ಲಿರಲಿಲ್ಲ, ಕೈಗೆ ತೀರ ಹತ್ತಿರದಲ್ಲಿತ್ತು. ಕಾಲ ಕೆಳಗಿನ ಹಲಗೆ ಎತ್ತಿದರೆ ಸನ್ನೆಯಿಂದ ಪೆಟ್ಟಿಗೆಗೆ ಹೋಗುವ ಸರಳು ಯಾವನದೋ ಬೂಟಿಗೆ ಸಿಕ್ಕು ಬಾಗಿತ್ತು. ದಡದ ಕಲ್ಲಿನ ಮೇಲಿಟ್ಟು ನಾಲ್ಕೇಟು ಬಡಿದು ನೆಟ್ಟಗೆ ಮಾಡಿದ. ಸಾರ್ಜೆಂಟು ತಲೆ ಸವರಿ "ಗುಡ್ ಬಾಯ್" ಎಂದ. ಚಲುವಯ್ಯನಿಗೆ ಆಗ ನಲವತ್ತೆರಡು. ಮನೆಗೆ ಹೋಗಿ ಅಂಜಿನಮ್ಮನಿಗೆ ದೊರೆ ಬೆನ್ನು ತಟ್ಟಿದ ಎಂದು ಹೇಳಿದ್ದ, ತಲೆ ಎನ್ನಲಿಲ್ಲ.

ಮಧ್ಯಾಹ್ನ ವಾಜಿದ್ ಉಣ್ಣಲು ಹೋದ ಮೇಲೆ ಬೈಲಪ್ಪನ ಷೆಡ್ಡಿನಲ್ಲಿ ಬಸ್ಸಿನ ಕೆಳಗೆ ಗೋಣಿ ಹಾಸಿ ಅಂಗಾತ ಮಲಗಿ, ನಾಲ್ಕನೇ ಸಲ ಬಿಚ್ಚಲು ಸ್ಪ್ಯಾನರು ಎತ್ತಿದವನು ಹಾಗೇ ತಡೆದ. ಮೂರು ಸಲ ಇಲ್ಲದ ರೋಗ ನಾಲ್ಕನೇ ಸಲ ಇರುತ್ತದೆಯೆ? ಗೇರು ಕಚ್ಚುವುದಕ್ಕೆ ಗೇರೇ ಕೆಡಬೇಕೆಂದಿಲ್ಲ. ಕ್ಲಚ್ಚು ಪೂರ್ತಿ ಒತ್ತಿದಾಗ ಇಂಜಿನ್ನು ಗೇರಿನ ಕೈ ಬಿಡಬೇಕು. ಅರ್ಧ ಬಿಟ್ಟು ಅರ್ಧ ಹಿಡಿದುಕೊಂಡರೆ ಎಷ್ಟು ಒಳ್ಳೆಯ ಚಕ್ರವಾದರೂ ಕಚ್ಚಾಡಿಯೇ ತೀರುತ್ತದೆ. ಇದು ಕೆಲಸ ಕಲಿತ ಮೊದಲನೇ ವಾರದ ಪಾಠ. ಮೊದಲು ಪೆಡಲು ಒತ್ತಿ ನೋಡು, ಆಮೇಲೆ ಉಳಿದದ್ದು. ಪೆಡಲಿನ ಹಿಂದೆ ಮುಂದೆ ಏನಿದೆಯೆಂದು ಕೆಳಗಿನಿಂದ ಕಾಣುತ್ತಿರಲಿಲ್ಲ, ಕೆಸರು ಸಿಡಿಯದಂತೆ ಅಲ್ಲಿ ತಗಡು ಹೊಡೆದಿದ್ದರು. ಒತ್ತಿಯೇ ನೋಡಬೇಕು. ಅವನು ಒತ್ತಿ ನೋಡಿರಲಿಲ್ಲ. ವಾಜಿದನನ್ನು ಕೇಳಿದ್ದ, ವಾಜಿದ್ ಹೇಳಿದ್ದ, ಇವನು ನಂಬಿದ್ದ. ಇಡೀ ದಂಡು ಪ್ರದೇಶದಲ್ಲಿ ಗೇರಿಗೆ ಹೆಸರಾದವನು ಬೇರೆಯವರ ಕಾಲನ್ನು ಎರವಲು ತಂದು ರೋಗ ನೋಡುತ್ತಿದ್ದ! ಸ್ಪ್ಯಾನರು ಬಿಸಾಕಿ ಹೊರಗೆ ತೆವಳಿ ಬಂದ. ಷೆಡ್ಡಿನಲ್ಲಿ ನರಪಿಳ್ಳೆ ಇರಲಿಲ್ಲ. ಸೀಟಿನ ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಹಲಗೆಗೆ ಕೈಯಿಟ್ಟ. ಕಾಲು ಎತ್ತಿ ಇಟ್ಟರೆ ಮುಗಿಯಿತು, ಯಾರು ನೋಡುತ್ತಾರೆ? ಆದರೆ ಕಾಲು ಏಳಲಿಲ್ಲ. ದೇವರ ಭಯವಲ್ಲ, ಗೌಡನ ಭಯವೂ ಅಲ್ಲ. ಸುಮ್ಮನೆ ಕಾಲು ಏಳಲಿಲ್ಲ, ಅಷ್ಟೆ. ಹನ್ನೊಂದು ವರ್ಷದಲ್ಲಿ ಎಷ್ಟು ಮಧ್ಯಾಹ್ನ ಈ ಬಸ್ಸಿನೊಂದಿಗೆ ಒಬ್ಬನೇ ಇದ್ದ, ಒಂದು ದಿನವಾದರೂ ಹತ್ತಿದ್ದನೆ? ಕೂರಬೇಡ ಎಂದು ಬೈಲಪ್ಪ ಹೇಳಿದ್ದು ಒಂದೇ ಸಲ, ಮೊದಲನೇ ದಿನ. ಉಳಿದ ದಿನವೆಲ್ಲ ತನಗೆ ಹಾಗೆ ಹೇಳಿಕೊಂಡವನು ತಾನೇ. ಇದು ಹೊಳೆದಾಗ ಬೈಲಪ್ಪನ ಮೇಲಿದ್ದ ಸಿಟ್ಟೆಲ್ಲ ತಿರುಗಿ ತನ್ನ ಮೇಲೇ ಬಿದ್ದು, ಷೆಡ್ಡಿನ ಕಂಬಕ್ಕೆ ಮುಷ್ಟಿಯಿಂದ ಗುದ್ದಿದ. ಬೆರಳ ಗೆಣ್ಣಿನ ಚರ್ಮ ಸುಲಿದು ರಕ್ತ ಬಂತು. ಆಮೇಲೂ ಹತ್ತಲಿಲ್ಲ.

ನಾಲ್ಕು ಗಂಟೆಗೆ ವಾಜಿದ್ ಬಂದು ಒಲೆ ಕೆದಕಿ, ಹೊಗೆ ಹಿಡಿಸಿ, ಇಂಜಿನ್ನು ಹೊರಡಿಸಿ ಬಸ್ಸನ್ನು ಸ್ಟ್ಯಾಂಡಿಗೆ ತಂದ. ಹಿಂದಿನ ಏಣಿಗೆ ಜೋತುಬಿದ್ದು ಚಲುವಯ್ಯನೂ ಬಂದ. ಸ್ಟ್ಯಾಂಡಿಗೆ ತಿರುಗುವಾಗ ಗೇರು ಎಂಥ ಸದ್ದು ಮಾಡಿತೆಂದರೆ ಚಹದಂಗಡಿಯವನು ಕೂಡ ತಲೆ ಎತ್ತಿ ನೋಡಿದ. ಸೊಪ್ಪು ಮಾರಿ ಖಾಲಿ ಬುಟ್ಟಿ ಹೊತ್ತು ಊರಿಗೆ ಹೊರಟಿದ್ದ ಕೃಷ್ಣರಾಜಪುರದ ಮುನಿವೆಂಕಟಮ್ಮಜ್ಜಿ, ಅವಳ ಜೊತೆ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ಬೈಲಪ್ಪ ಎಲೆಯಡಿಕೆ ಉಗಿದು ಮುಂದೆ ಬಂದ. ಅವನ ಮುಖದಲ್ಲಿ ಸಿಟ್ಟಿಗಿಂತ ಒಂದು ತೃಪ್ತಿಯೇ ಕಾಣುತ್ತಿತ್ತು.

"ಆಯ್ತಲ್ಲ. ಎಲ್ರೂ ಕೇಳಿದ್ರಲ್ಲ. ನಡೀಯೋ ಠಾಣೆಗೆ. ದಂಡಿನೋರ ಷೆಡ್ಡಲ್ಲೇ ಕೈ ಆಡ್ಸ್ದೋನು, ನನ್ ಷೆಡ್ಡು ಬಿಟ್ಟಾನಾ?"

ಹಿತ್ತಾಳೆಯ ಬಳೆ! ಅದನ್ನೇ ಎತ್ತಿ ಜನರ ಮುಂದೆ ಹಾಕಿದ್ದ. ಚಲುವಯ್ಯ ಏಣಿಯಿಂದ ಇಳಿದು ಬಸ್ಸಿನ ಉದ್ದಕ್ಕೂ ನಡೆದು ಬಂದ. ಎಲ್ಲರೂ ಠಾಣೆಯ ಕಡೆಗೇ ಹೊರಟನೆಂದುಕೊಂಡರು. ಡ್ರೈವರ್ ಬಾಗಿಲ ಬಳಿ ನಿಂತು, "ಇಳಿ," ಎಂದ ವಾಜಿದನಿಗೆ. ವಾಜಿದ್ ಅವನ ಮುಖ ನೋಡಿ ಇಳಿದ. ಮಧ್ಯಾಹ್ನ ಏಳದ ಕಾಲು ಈಗ ಎದ್ದದ್ದು ಚಲುವಯ್ಯನ ಗಮನಕ್ಕೂ ಬರಲಿಲ್ಲ. ಗಮನಿಸುವ ಹೊತ್ತಿಗೆ ಅವನು ಸೀಟಿನ ಮೇಲೆ ಕೂತಾಗಿತ್ತು. ಸೀಟಿನ ತೊಗಲು ಹರಿದು ತೆಂಗಿನ ನಾರು ತೊಡೆಗೆ ಚುಚ್ಚುತ್ತಿತ್ತು. ಇಷ್ಟೇನಾ, ಎಂದುಕೊಂಡ.

"ಲೋ! ಲೋ, ಇಳಿಯೋ! ಯಾರ್ ಸೀಟದು?" ಬೈಲಪ್ಪನ ದನಿ ಕೀರಲಾಯಿತು.

ಚಲುವಯ್ಯ ಬರಿಗಾಲನ್ನು ಕ್ಲಚ್ಚಿನ ಮೇಲಿಟ್ಟು ಒತ್ತಿದ. ಮುಕ್ಕಾಲು ಹೋಗಿ ನಿಂತಿತು. ಮತ್ತೆ ಒತ್ತಿದ. ಹಲಗೆಗೋ ಕಬ್ಬಿಣಕ್ಕೋ ತಾಗಿದ್ದರೆ ಟಕ್ಕನೆ ನಿಲ್ಲಬೇಕು. ಇದು ಮೆತ್ತಗೆ, ಗೋಣಿಚೀಲ ತುಳಿದಂತೆ ನಿಂತಿತು. ಬೂಟು ಹಾಕಿದವನಿಗೆ ಅದು ತಿಳಿಯುವುದಿಲ್ಲ. ಅಂಗಾಲಿಗೆ ಒಂದೇ ಸಲಕ್ಕೆ ತಿಳಿಯಿತು. ಬಗ್ಗಿ ಕಾಲ ಹಲಗೆಯ ಎರಡು ತಿರುಪು ಬಿಚ್ಚಿ ಎತ್ತಿದರೆ, ಪೆಡಲಿನ ದಂಡಕ್ಕೂ ತಗಡಿಗೂ ನಡುವೆ ಕೆಂಪು ಬಟ್ಟೆಯ ಗಂಟೊಂದು ಬಿಗಿಯಾಗಿ ಕೂತಿತ್ತು. ಎಳೆದು ತೆಗೆದ. ಅರಿಶಿನ ಮೆತ್ತಿದ, ನಾರು ಬಿಡಿಸದ ಎಳೆ ತೆಂಗಿನಕಾಯಿ, ತಾಮ್ರದ ತಗಡು, ಏನೇನೋ ಬೇರು, ಅದರ ಸುತ್ತ ನಾಲ್ಕು ಸುತ್ತು ದಾರ.

ಆಗ ಎಲ್ಲ ಒಂದೇ ಸಲ ಜೋಡಿಸಿಕೊಂಡಿತು. ಎರಡು ತಿಂಗಳ ಹಿಂದೆ ಕೃಷ್ಣರಾಜಪುರದ ಹತ್ತಿರ ಈ ಬಸ್ಸಿಗೆ ಎತ್ತು ಸಿಕ್ಕಿ ಸತ್ತಿತ್ತು. ಹೆದರಿದ ಹಳೆಯ ಡ್ರೈವರ್ ಕೆಲಸ ಬಿಟ್ಟು ಹೋದ. ಬೈಲಪ್ಪನ ತಾಯಿ ಮಾರಕ್ಕ ಬಾಣಸವಾಡಿಯಲ್ಲಿ ಅಮಾವಾಸ್ಯೆ ಪೂಜೆ ಮಾಡಿಸಿ, ಪೂಜಾರಿಯನ್ನು ಷೆಡ್ಡಿಗೇ ಕರೆಸಿದ್ದಳು. ಅವತ್ತು ಚಲುವಯ್ಯ ಆ ಕಡೆ ಸುಳಿಯಬಾರದೆಂದು ಹೇಳಿ ಕಳಿಸಿದ್ದರು. ಆ ವಾರದಿಂದಲೇ ಗೇರು ಕಚ್ಚತೊಡಗಿತ್ತು. ಹೊಸದಾಗಿ ಬಂದ ವಾಜಿದನಿಗೆ ಪೆಡಲು ಹೋಗುವುದೇ ಅಷ್ಟು ಎಂಬ ಲೆಕ್ಕ. ಯಾರಿಗೆ ಗೊತ್ತಾಗಬೇಕಿತ್ತೋ ಅವನನ್ನು ಕೂರಬಾರದೆಂದು ಹೊರಗಿಟ್ಟಿದ್ದರು. ಚಲುವಯ್ಯ ಗಂಟನ್ನು ಎತ್ತಿ ಹಿಡಿದ. ಬೈಲಪ್ಪನ ಮುಖ ನೋಡಿದರೆ ಅವನಿಗೂ ತಿಳಿಯಿತೆಂಬುದು ಸ್ಪಷ್ಟವಾಗಿತ್ತು. ಆದರೆ ಅವನ ಬಾಯಿಂದ ಬಂದ ಮೊದಲ ಮಾತು, "ಅದನ್ನ ಮುಟ್ಟಿಬಿಟ್ಯಾ!"

"ಮುಟ್ದೆ. ತಗೊಳ್ಳಿ."

ಬೈಲಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಚಲುವಯ್ಯ ಗಂಟನ್ನು ಬಾನೆಟ್ಟಿನ ಮೇಲಿಟ್ಟು, ಕ್ಲಚ್ಚು ಒತ್ತಿದ. ದಂಡಿನ ಷೆಡ್ಡಿನಲ್ಲಿ ಲಾರಿ ಹಿಂದೆ ಮುಂದೆ ಮಾಡಿ ಪಳಗಿದ ಕಾಲು ತಳ ಮುಟ್ಟಿತು. ಮೊದಲನೇ ಗೇರು, ಸದ್ದಿಲ್ಲ. ಬಸ್ಸು ಹತ್ತು ಮಾರು ಮುಂದೆ ಹೋಯಿತು. ಎರಡನೇ ಗೇರು, ಬೆಣ್ಣೆಯೊಳಗೆ ಬೆರಳಿಟ್ಟ ಹಾಗೆ. ಹಿಂದಕ್ಕೆ ತಂದು ಅದೇ ಜಾಗದಲ್ಲಿ ನಿಲ್ಲಿಸಿದ. "ಇವತ್ತು ಹಲ್ ಕಡೀಲಿಲ್ವಲ್ಲೇ ಬಸ್ಸು," ಎಂದಳು ಮುನಿವೆಂಕಟಮ್ಮಜ್ಜಿ ಪಕ್ಕದವಳಿಗೆ.

ಚಲುವಯ್ಯ ಕಾದ. ಯಾರಾದರೂ ಹೇಳುತ್ತಾರೆಂದು ಕಾದ. ನಿನ್ನೆ ನಕ್ಕವರು ಇಲ್ಲೇ ಇದ್ದರು. ಚಹದಂಗಡಿಯವನು ಲೋಟ ತೊಳೆಯುವುದರಲ್ಲಿ ಮುಳುಗಿದ್ದ. ಬೈಲಪ್ಪ ಕಂಡಕ್ಟರ್ ಸಂಜೀವಪ್ಪನ ಕಿವಿಯಲ್ಲಿ, ಗಂಟನ್ನು ಮತ್ತೆ ಪೂಜೆಗೆ ಕೊಡಬೇಕೋ ಕೆರೆಗೆ ಬಿಡಬೇಕೋ ಎಂದು ಪಿಸುಗುಟ್ಟುತ್ತಿದ್ದ. ಗೇರಿನ ಮಾತಿಲ್ಲ, ಚಕ್ರದ ಮಾತಿಲ್ಲ, ಕಳ್ಳನ ಮಾತಿಲ್ಲ. ಎಲ್ಲ ಮುಗಿದುಹೋದ ಹಾಗೆ ಬೈಲಪ್ಪ ಇತ್ತ ತಿರುಗಿ, "ಸರಿ, ಇಳಿ ಇನ್ನ. ಹೊತ್ತಾಯ್ತು," ಎಂದ.

"ಕಳ್ಳ ಅಲ್ಲ ಅನ್ರಿ."

"ಏನು?"

"ನಿನ್ನೆ ಇದೇ ಜಾಗ್ದಲ್ಲಿ ಅಂದ್ರಲ್ಲ. ಈಗ ಅಲ್ಲ ಅನ್ರಿ. ಅನ್ನೋವರ್ಗೂ ಇಳಿಯಲ್ಲ."

ಬೈಲಪ್ಪನಿಗೆ ರಕ್ತ ನೆತ್ತಿಗೇರಿತು. ಮುನ್ನುಗ್ಗಿ ಬಂದವನು ಬಾಗಿಲ ಹತ್ತಿರ ಥಟ್ಟನೆ ನಿಂತ. ಎಳೆದು ಹಾಕಬೇಕಾದರೆ ಮುಟ್ಟಬೇಕು. ಜನ ನೋಡುತ್ತಿದ್ದರು. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತನ್ನ ಪಂಚೆಯನ್ನೇ ಹಿಡಿದುಕೊಂಡ. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ಚಲುವಯ್ಯನಿಗೆ ನಗು ಬಂತು. ಬಾಯಿಗೆ ಬರುವಷ್ಟರಲ್ಲಿ ಅದು ಸಿಟ್ಟಾಯಿತು.

"ವಾಜಿದ್! ನೀನ್ ಎಳೆದಾಕೋ ಅವನ್ನ!"

"ನಂದು ಗಾಡಿ ಬಿಡೋ ನೌಕರಿ ಗೌಡ್ರೇ, ಎಳೆಯೋದಲ್ಲ," ಎಂದು ವಾಜಿದ್ ಬೀಡಿ ಹಚ್ಚಲು ತಿರುಗಿದ.

"ಯಾಕಪ್ಪಾ, ಬಸ್ಸು ಹೊರಡಲ್ವಾ?" ಅಜ್ಜಿ ಕಿಟಕಿಯ ಬಳಿ ಬಂದಳು.

"ಗೌಡ್ರು ಒಂದ್ ಮಾತು ಹೇಳ್ಬೇಕು ಅಜ್ಜಿ. ಹೇಳಿದ್ ಕೂಡ್ಲೇ ಹೊರಡುತ್ತೆ."

ಜನರ ಕಣ್ಣೆಲ್ಲ ಬೈಲಪ್ಪನ ಮೇಲೆ ತಿರುಗಿತು. ಅವನು ನೆಲ ನೋಡುತ್ತ, ಮೀಸೆಯೊಳಗೇ, "ಕಳ್ಳ ಅಲ್ಲ. ಇಳಿ," ಎಂದ. ಚಲುವಯ್ಯನಿಗೆ ಚೆನ್ನಾಗಿಯೇ ಕೇಳಿಸಿತು. "ಕೇಳಿಸ್ಲಿಲ್ಲ ಗೌಡ್ರೇ," ಎಂದ. ಬೈಲಪ್ಪ ಕತ್ತು ಕೊಯ್ಯಿಸಿಕೊಳ್ಳುವ ಕೋಳಿಯಂತೆ ಕೂಗಿದ: "ಕಳ್ಳ ಅಲ್ಲ ಕಣಯ್ಯಾ, ಕಳ್ಳ ಅಲ್ಲ! ಗೇರು ಕದ್ದಿಲ್ಲ ನೀನು! ಸಾಕಾ?"

ಸಾಕೆ? ಎದೆಯ ಮೇಲಿಂದ ಗೇರ್‌ಬಾಕ್ಸು ಇಳಿಸಿದಷ್ಟು ಹಗುರಾಗಬೇಕಿತ್ತು. ಆಗಲಿಲ್ಲ. ಆದರೂ ಕೇಳಿದ್ದು ಸಿಕ್ಕಿತ್ತು. ಇಷ್ಟು ಜನ ಕೇಳಿದ್ದರು, ಸಂಜೆಯೊಳಗೆ ಬೀದಿ ನಲ್ಲಿಗೂ ಮುಟ್ಟುತ್ತದೆ, ಅಂಜಿನಮ್ಮನಿಗೂ. ಅವನು ಗೇರು ಖಾಲಿಗೆ ತಂದು, ಬಾಗಿಲು ತೆರೆದು, ಒಂದು ಕಾಲನ್ನು ಮೆಟ್ಟಿಲ ಹಲಗೆಯ ಮೇಲಿಟ್ಟ.

"ಸಂಜೀವಪ್ಪಾ," ಎಂದ ಬೈಲಪ್ಪ, ದನಿ ಅಷ್ಟರಲ್ಲೇ ಮೊದಲಿನಂತಾಗಿತ್ತು, "ಓಡು, ಎರಡ್ ಬಿಂದಿಗೆ ನೀರ್ ತಾ. ಸೀಟು ತೊಳೀಬೇಕು."

ಚಲುವಯ್ಯ ಇಟ್ಟ ಕಾಲನ್ನು ಒಳಕ್ಕೆ ಎಳೆದುಕೊಂಡ. ಬಾಗಿಲು ಹಾಕಿಕೊಂಡ.

"ಅಜ್ಜೀ, ಹತ್ತಮ್ಮ. ಎಲ್ರೂ ಹತ್ರಿ. ಕೃಷ್ಣರಾಜಪುರದವರ್ಗೂ ನಾನೇ ಬಿಡ್ತೀನಿ."

ಅಜ್ಜಿ ಬೈಲಪ್ಪನನ್ನು ನೋಡಿದಳು, ಬಿಸಿಲು ನೋಡಿದಳು, ಬುಟ್ಟಿ ಎತ್ತಿಕೊಂಡು ಹತ್ತಿದಳು. ಅವಳ ಹಿಂದೆ ನಾಲ್ಕೈದು ಜನ ಹತ್ತಿದರು, ಉಳಿದವರು ಹತ್ತಲಿಲ್ಲ. ವಾಜಿದ್ ಬೀಡಿ ಬಿಸಾಡಿ ಹಿಂದೆ ಹೋಗಿ ಏಣಿಗೆ ಜೋತುಬಿದ್ದ. ಚಲುವಯ್ಯ ಕ್ಲಚ್ಚು ತಳದವರೆಗೆ ಒತ್ತಿ ಮೊದಲನೇ ಗೇರು ಹಾಕಿದ. ಬೈಲಪ್ಪ ಓಡಿ ಬಂದು ಬಸ್ಸಿನ ಮುಂದೆ ಎರಡೂ ಕೈ ಚಾಚಿ ನಿಂತುಕೊಂಡ.

ಚಲುವಯ್ಯ ಹಾರ್ನು ಹೊಡೆದ.